ಡಾಕ್ಟರಮ್ಮ ಊಟಕ್ಕೆ ಹೋಗಿದ್ದಾರೆ

ನನ್ನ ಕೆಲಸ ಏನೆಂದು ನಮ್ಮ ಅತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಬೀದಿಯವರು ಕೇಳಿದರೆ, "ನಮ್ಮ ನಾಗರತ್ನ ಆಫೀಸಲ್ಲಿ ಎಣಿಸ್ತಾಳೆ" ಎನ್ನುತ್ತಿದ್ದರು. ಏನನ್ನು ಎಣಿಸುತ್ತಾಳೆ ಎಂದರೆ, "ಏನು ಕೊಟ್ರೆ ಅದನ್ನ" ಎಂದು ಮಾತು ಮುಗಿಸುತ್ತಿದ್ದರು. ಅತ್ತೆ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕೋಲಾರದ ಒಂದು ಸಾಂಖ್ಯಿಕ ಕಚೇರಿಯಲ್ಲಿ ಕೂತು ಕೊಳವೆಬಾವಿ, ಸೀಮೆಹಸು, ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ ಎಲ್ಲವನ್ನೂ ಎಣಿಸಿದ್ದೇನೆ. ನಿವೃತ್ತಿಗೆ ಕೆಲವು ವರ್ಷ ಉಳಿದಿದ್ದಾಗ ಎಣಿಸಲು ಕೊಟ್ಟದ್ದು ಡಾಕ್ಟರುಗಳನ್ನು.

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ವಿಷಯ ಬಿಟ್ಟುಬಿಡುತ್ತೇನೆ. ಅವು ಬಂದರೆ ಎಲ್ಲರಿಗೂ ಒಂದೇ ತರಹ ಬರುತ್ತವೆ, ಬರದಿದ್ದರೂ ಒಂದೇ ತರಹ ಹೊಟ್ಟೆ ಉರಿಯುತ್ತದೆ. ನಾನು ಮಾಡಿದ ಒಂದು ದೊಡ್ಡ ತಪ್ಪನ್ನು, ಆ ತಪ್ಪಿನ ದೆಸೆಯಿಂದ ನೋಡಲು ಸಿಕ್ಕ ಒಬ್ಬ ಹೆಂಗಸನ್ನು ಕುರಿತು ಹೇಳಬೇಕಾಗಿದೆ. ಅವರನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಕೆಲಸ ಇಷ್ಟು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆ ಡಾಕ್ಟರುಗಳು ಎಷ್ಟು ಜನ, ಯಾವ ಊರಿನಲ್ಲಿದ್ದಾರೆ ಎಂದು ಪಟ್ಟಿ ಮಾಡಿ ಪುಸ್ತಕ ತರಬೇಕು. ಮನೆ ಡಾಕ್ಟರು ಎಂದರೆ ದೊಡ್ಡ ಆಸ್ಪತ್ರೆಯ ತಜ್ಞರಲ್ಲ. ಜ್ವರ ಬಂದರೆ ಮೊದಲು ಯಾರ ಬಾಗಿಲಿಗೆ ಹೋಗುತ್ತೇವೋ, ಅಜ್ಜಿಯ ಕೆಮ್ಮನ್ನೂ ಮೊಮ್ಮಗಳ ಕೆಮ್ಮನ್ನೂ ಯಾರು ಬಲ್ಲರೋ ಅಂಥವರು. ಸರ್ಕಾರಿ ಆಸ್ಪತ್ರೆಗಳಲ್ಲಿ ಖಾಲಿ ಬಿದ್ದ ಹುದ್ದೆಗಳಲ್ಲಿ ಯಾವುದನ್ನು ಮೊದಲು ತುಂಬಬೇಕು ಎಂದು ತೀರ್ಮಾನಿಸುವಾಗ ಮೇಲಿನವರು ನಮ್ಮ ಪುಸ್ತಕವನ್ನೂ ತೆರೆದು ನೋಡುತ್ತಿದ್ದರು. ಡಾಕ್ಟರೇ ಇಲ್ಲದ ಊರು ಸಾಲಿನಲ್ಲಿ ಮುಂದೆ, ಇರುವ ಊರು ಹಿಂದೆ.

ನನ್ನ ಕೈಗೆ ಬಂದಾಗ ಒಂದು ಹಳೆಯ ಪಟ್ಟಿ ಇತ್ತು. ಪ್ರತಿ ವರ್ಷ ಅದನ್ನೇ ನಕಲು ಮಾಡಿ ಮೇಲೆ ಹೊಸ ವರ್ಷ ಬರೆಯುವುದು ರೂಢಿ. ಒಂದು ದಿನ ಯಾಕೋ ಮನಸ್ಸು ತಡೆಯದೆ ಪಟ್ಟಿ ಹಿಡಿದುಕೊಂಡು ಮಾಲೂರಿಗೆ ಹೋದೆ. ಮೊದಲ ಹೆಸರಿನ ವಿಳಾಸದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇತ್ತು. ಡಾಕ್ಟರು ಎಲ್ಲಿ ಎಂದು ಕೇಳಿದೆ. ಅಂಗಡಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜನ್ನು ತೆಗೆದು ನನ್ನನ್ನೇ ನೋಡಿದ.

"ಅವರು ನಮ್ಮ ತಾತ ಮೇಡಂ. ಅವರು ತೀರ್ಕೊಂಡಾಗ ನಾನಿನ್ನೂ ಹುಟ್ಟಿರ್ಲಿಲ್ಲ."

ನಮ್ಮ ಕಡತದಲ್ಲಿ ಆ ತಾತ ಹೋದ ವರ್ಷ ತಾನೇ ಒಂದು ತರಬೇತಿಯನ್ನೂ ಮುಗಿಸಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ನಗು ನಿಂತು ಹೆದರಿಕೆಯಾಯಿತು. ಇನ್ನು ಯಾವ ಹೆಸರನ್ನೂ ಹಳೆಯ ಪಟ್ಟಿಯಿಂದ ಎತ್ತುವುದಿಲ್ಲ, ಊರೂರಿಗೂ ಜನ ಕಳುಹಿಸಿ ಹೊಸದಾಗಿ ಎಣಿಸುತ್ತೇವೆ ಎಂದು ನಮ್ಮ ಅಧಿಕಾರಿ ರಾಮಚಂದ್ರಯ್ಯನವರ ಮುಂದೆ ಹೋಗಿ ನಿಂತೆ.

ರಾಮಚಂದ್ರಯ್ಯನವರು ಪೆನ್ಸಿಲನ್ನು ಬ್ಲೇಡಿನಲ್ಲೇ ಕೆತ್ತಿಕೊಳ್ಳುವ ಮನುಷ್ಯ. ಕಂಪ್ಯೂಟರಿನಲ್ಲಿ ಕೂಡಿದ್ದನ್ನು ಇನ್ನೊಮ್ಮೆ ಕೈಯಲ್ಲಿ ಕೂಡಿ ನೋಡುತ್ತಿದ್ದರು. ಹೊಸದಾಗಿ ಎಣಿಸಲು ಒಪ್ಪಿದರು. ಆದರೆ ನಾನು ಬರೆದುಕೊಂಡು ಹೋಗಿದ್ದ ನಮೂನೆಯಲ್ಲಿ ಎರಡು ಕಾಲಂ ಹೊಡೆದುಹಾಕಿದರು. ಒಂದು ಡಾಕ್ಟರ ಹೆಸರು, ಇನ್ನೊಂದು ಅವರ ನೋಂದಣಿ ಸಂಖ್ಯೆ.

"ಹೆಸರು ನಂಬರ್ ಎಲ್ಲ ಕೇಳಿದ್ರೆ ಬಾಗಿಲು ಹಾಕ್ಕೋತಾರೆ ಕಣ್ರೀ. ನಮಗೆ ಬೇಕಾಗಿರೋದು ಎಷ್ಟು ಜನ ಅಂತ. ಊರು, ಗಂಡಸೋ ಹೆಂಗಸೋ, ಏನು ಓದಿದಾರೆ, ವಯಸ್ಸೆಷ್ಟು. ಸಾಕು."

ನಾನು ಹೂಂ ಅಂದೆ. ಆ ಹೂಂ ಅಂದದ್ದು ನನ್ನ ಮೊದಲ ತಪ್ಪು.

ಮುಳಬಾಗಿಲು ಮತ್ತು ಶ್ರೀನಿವಾಸಪುರದ ಕಡೆ ಸುತ್ತಲು ಅನ್ವರ್ ಎಂಬ ಗುತ್ತಿಗೆ ನೌಕರನನ್ನು ಹಾಕಿದ್ದೆವು. ಕನ್ನಡ, ತೆಲುಗು, ದಖನಿ ಮೂರೂ ಅವನ ನಾಲಿಗೆಯ ತುದಿಯಲ್ಲಿದ್ದವು. ಬಿಸಿಲು ಧೂಳು ಅನ್ನದೆ ಹಳೆಯ ಬೈಕಿನಲ್ಲಿ ತಿರುಗಿದ. ಉಳಿದ ಎರಡು ತಾಲ್ಲೂಕಿಗೆ ಬೇರೆ ಇಬ್ಬರು ಹೋಗಿದ್ದರು. ತುಂಬಿ ಬಂದ ಹಾಳೆಗಳಲ್ಲಿ ಕೆಲವನ್ನು ಆರಿಸಿ, ಖುದ್ದಾಗಿ ಹೋಗಿ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಸುಗಟೂರಿನ ಹಾಳೆಯನ್ನು ನಾನು ಹೋಗಿ ನೋಡಲಿಲ್ಲ, ಫೋನ್ ಮಾಡಿದೆ. ಅಲ್ಲಿನ ಹಾಲಿನ ಡೇರಿಯವರೊಬ್ಬರು ಎತ್ತಿಕೊಂಡು, "ಇದಾರೆ ಮೇಡಂ, ನಮ್ಮೂರಿನ ಡಾಕ್ಟರಮ್ಮ. ಈಗ ತಾನೇ ಊಟಕ್ಕೆ ಹೋದ್ರು" ಎಂದರು. ಹಾಳೆಯ ಮೇಲೆ ಸರಿ ಎಂದು ಗುರುತು ಹಾಕಿದೆ. ಕೋಲಾರದಿಂದ ಸುಗಟೂರಿಗೆ ಬಸ್ಸಿಗೇನು ಬರವೇ? ಸೋಮಾರಿತನ, ಇನ್ನೇನಿಲ್ಲ. ಅದು ಎರಡನೆಯ ತಪ್ಪು, ಪೂರ್ತಿ ನನ್ನದೇ.

ಪುಸ್ತಕ ಅಚ್ಚಾಯಿತು, ವೆಬ್‌ಸೈಟಿಗೂ ಏರಿತು. ಊರುವಾರು ಕೋಷ್ಟಕ ನೋಡಿ ನಾನು ಹಿಗ್ಗಿದೆ. ಹಳ್ಳಿಗಾಡಿನಲ್ಲಿ ಎಂ.ಬಿ.ಬಿ.ಎಸ್. ಓದಿದ ಮಹಿಳಾ ವೈದ್ಯರು! ತಾಯಲೂರಿನಲ್ಲಿ ಒಬ್ಬರು, ಗೌನಿಪಲ್ಲಿಯಲ್ಲಿ ಒಬ್ಬರು, ಸುಗಟೂರಿನಲ್ಲಿ ಒಬ್ಬರು, ಟೇಕಲ್ಲಿನಲ್ಲಿ ಒಬ್ಬರು. ರಾಮಚಂದ್ರಯ್ಯನವರು ಕೂಡ ಪೆನ್ಸಿಲ್ ಕೆಳಗಿಟ್ಟು, "ಪರವಾಗಿಲ್ಲ ಕಣ್ರೀ ನಮ್ಮ ಕಡೆ" ಅಂದಿದ್ದರು.

ಪುಸ್ತಕ ಬಂದು ತಿಂಗಳೆರಡಾಗಿರಬೇಕು. ಒಂದು ಶುಕ್ರವಾರ ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಮೆಟ್ಟಿಲಿನ ಕಟಾಂಜನ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ನಿಂತು, ಮೇಲಕ್ಕೆ ಬಂದರು. ಇಳಕಲ್ ಸೀರೆ, ತೆಳ್ಳಗಿನ ಮೈ, ಕಂಕುಳಲ್ಲಿ ಬಟ್ಟೆಯ ಚೀಲ. ಚೀಲದಿಂದ ನಮ್ಮ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟರು. ಹಾಳೆಯ ಮಧ್ಯೆ ಗುರುತಿಗೆ ಬಸ್ ಟಿಕೆಟ್ ಇತ್ತು.

"ನೀವೇನಾ ಇದನ್ನ ಮಾಡಿರೋದು?"

"ಹೌದಮ್ಮ. ಕೂತ್ಕೊಳ್ಳಿ."

"ಒಳ್ಳೇ ಕೆಲಸ ಮಾಡಿದೀರಿ ಕಣಮ್ಮ. ನನ್ನ ಹೆಸರು ಕಮಲಾಕ್ಷಮ್ಮ. ನಾನೂ ಡಾಕ್ಟರೇ. ಇಲ್ಲೇ ಕೋಲಾರದ ಪೇಟೇಲಿ ಮನೆ. ನಿಮ್ಮ ಕಡೆಯವರು ಮನೆಗೆ ಬಂದಾಗ ಫಾರಂ ತುಂಬಿಸಿ ಕೊಟ್ಟಿದೀನಿ." ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡರು. "ಸೋಮವಾರ ತಾಯಲೂರಿಗೆ ಹೋಗ್ತೀನಿ. ಬುಧವಾರ ಗೌನಿಪಲ್ಲಿ, ಗುರುವಾರ ಸುಗಟೂರು, ಶನಿವಾರ ಟೇಕಲ್. ಇಪ್ಪತ್ತೆಂಟು ವರ್ಷ ಆಯ್ತು. ನೀವು ನೋಡಿದ್ರೆ ಈ ನಾಲ್ಕೂ ಊರಲ್ಲಿ ಲೇಡಿ ಡಾಕ್ಟರಿದಾರೆ ಅಂತ ಹಾಕಿದೀರಿ. ನಾನಿಲ್ಲದ ದಿನ ಬರ್ತಾರೇನೋ, ನನಗೆ ಯಾರೂ ಹೇಳೇ ಇಲ್ಲ ನೋಡಿ!"

ಅವರ ಮುಖದಲ್ಲಿ ಅಂಥ ಸಂತೋಷವಿತ್ತು. ನಾನೂ ನಕ್ಕೆ.

"ಅವರ ವಿಳಾಸ ಕೊಡಿ ತಾಯಿ. ನನಗೆ ಎಪ್ಪತ್ತೆರಡು. ಮಂಡಿ ಎರಡೂ ಹೋಗಿವೆ, ಬಸ್ ಹತ್ತಕ್ಕಾಗಲ್ಲ. ನನ್ನ ಪೇಷಂಟ್‌ಗಳ ಪುಸ್ತಕಗಳನ್ನ ಅವರಿಗೆ ಒಪ್ಪಿಸಿ ನಾನು ಮನೇಲಿ ಕೂತ್ಕೊಂಡುಬಿಡ್ತೀನಿ. ಯಾರಿಗೂ ಹೇಳದೆ ಬಿಟ್ಟು ಕೂರಕ್ಕೆ ಮನಸ್ಸು ಬರ್ಲಿಲ್ಲ, ಅದಕ್ಕೇ ಇಷ್ಟು ದಿನ ಎಳೆದಿದ್ದು."

ಪುಸ್ತಕದಲ್ಲಿ ವಿಳಾಸ ಇರಲಿಲ್ಲ. ಬೀರು ತೆಗೆದು ಮೂಲ ಹಾಳೆಗಳನ್ನು ಹೊರಗೆ ತಂದೆ. ತಾಯಲೂರು: ಮಹಿಳೆ, ಎಂ.ಬಿ.ಬಿ.ಎಸ್., ವಯಸ್ಸು ಸುಮಾರು ಐವತ್ತೈದು. ಗೌನಿಪಲ್ಲಿ: ಅದೇ, ಅರವತ್ತು. ಟೇಕಲ್: ಅರವತ್ತೈದು. ಸುಗಟೂರು: ನಲವತ್ತೆಂಟು. ಕೊನೆಯ ಕಾಲಂ ಷರಾ. ತಾಯಲೂರಿನ ಹಾಳೆಯ ಷರಾದಲ್ಲಿ ಅನ್ವರ್ ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದೆ: "ತಗಡಿನ ಟ್ರಂಕ್ ಮಾಡುವವರ ಮನೆಯ ಮುಂದಿನ ಕೋಣೆ. ಕುರ್ಚಿಯ ಮೇಲೆ ಹಸಿರು ಶಾಲು, ಸ್ಟೆತಾಸ್ಕೋಪ್ ಇತ್ತು. ಡಾಕ್ಟರಮ್ಮ ಊಟಕ್ಕೆ ಹೋಗಿದ್ದರು."

"ಹಸಿರು ಶಾಲಾ?" ಎಂದರು ಕಮಲಾಕ್ಷಮ್ಮ. "ಅಂಚಲ್ಲಿ ಸುಟ್ಟ ಗುರುತಿತ್ತೇನು?"

"ಅದನ್ನ ಬರೆದಿಲ್ಲಮ್ಮ."

"ನನ್ನದೊಂದು ಶಾಲು ಬಸ್ಸಲ್ಲಿ ಕಳೆದುಹೋಯ್ತು ಅಂದ್ಕೊಂಡಿದ್ದೆ."

ಉಳಿದ ಮೂರು ಹಾಳೆಗಳನ್ನು ನಾನು ಬಾಯಿ ಬಿಟ್ಟು ಓದಲಿಲ್ಲ. ಗೌನಿಪಲ್ಲಿ, ಮಾವಿನ ಮಂಡಿಯ ಪಕ್ಕದ ಕೋಣೆ, ಡಾಕ್ಟರಮ್ಮ ಊಟಕ್ಕೆ ಹೋಗಿದ್ದರು. ಟೇಕಲ್, ಹಿಟ್ಟಿನ ಗಿರಣಿಯ ಪಕ್ಕ, ಊಟಕ್ಕೆ ಹೋಗಿದ್ದರು. ಸುಗಟೂರು, ಡೇರಿಯ ಹಿಂದಿನ ಕೋಣೆ, ಊಟಕ್ಕೆ. ನಮ್ಮವರಲ್ಲಿ ಒಬ್ಬರೂ ಆ ಊರುಗಳಲ್ಲಿ ಡಾಕ್ಟರನ್ನು ಕಣ್ಣಾರೆ ಕಂಡಿರಲಿಲ್ಲ. ಅವರು ಎಣಿಸಿ ತಂದದ್ದು ನಾಲ್ಕು ಕುರ್ಚಿಗಳನ್ನು.

ಹಾಳೆಗಳನ್ನು ಅವರ ಕಡೆ ತಿರುಗಿಸಿ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ನಾಲ್ಕನ್ನೂ ನಿಧಾನವಾಗಿ ಓದಿದರು. ಮುಖದ ಸಂತೋಷ ಸ್ವಲ್ಪ ಸ್ವಲ್ಪವಾಗಿ ಇಳಿಯುವುದನ್ನು ಎದುರಿಗೇ ಕೂತು ನೋಡಬೇಕಾಯಿತು.

"ಎಲ್ಲ ನಾನೇ ಅಲ್ವಾ?" ಅಂದರು. ಆಮೇಲೆ, ಹೇಗೆ ಸಾಧ್ಯವಾಯಿತೋ, ನಕ್ಕರು. "ಸುಗಟೂರಿನವರು ನೋಡಿ, ನನ್ನ ವಯಸ್ಸನ್ನೇ ಇಳಿಸಿಬಿಟ್ಟಿದಾರೆ. ರಿಟೈರ್ ಆಗ್ತೀನೇನೋ ಅಂತ ಭಯ ಅವಕ್ಕೆ."

ನಾನು ತಪ್ಪಾಯಿತು ಎಂದೆ. ಅವರು ನನ್ನ ಕೈ ತಟ್ಟಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ನಾಳೆ ಶನಿವಾರ, ಟೇಕಲ್ಲಿಗೆ ಬೆಳಿಗ್ಗೆಯ ಬಸ್ಸೇ ಹಿಡಿಯಬೇಕು, ಹೊರಡುತ್ತೇನೆ ಎಂದರು. ಕೋಲಾರದ ಪೇಟೆಯ ಹಾಳೆಯನ್ನೂ ಆಮೇಲೆ ತೆಗೆದು ನೋಡಿದೆ. ಅಲ್ಲಿ ಮಾತ್ರ ಎಪ್ಪತ್ತೆರಡು ಎಂದು ಸರಿಯಾಗಿತ್ತು. ಒಬ್ಬ ಹೆಂಗಸನ್ನು ನಾವು ಐದು ಸಲ ಎಣಿಸಿದ್ದೆವು.

ಇದರ ಪರಿಣಾಮ ಏನೆಂದು ಅವತ್ತು ಸಂಜೆಯೇ ವಿಚಾರಿಸಿದೆ. ತಾಯಲೂರಿನ ಕಡೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ ಹುದ್ದೆ ಬಹಳ ದಿನದಿಂದ ಖಾಲಿ ಇತ್ತು. ತುಂಬಬೇಕಾದವುಗಳ ಸಾಲಿನಲ್ಲಿ ಮುಂದೆಯೇ ಇದ್ದದ್ದು, ನಮ್ಮ ಪುಸ್ತಕ ಬಂದ ಮೇಲೆ ಹಿಂದಕ್ಕೆ ಹೋಗಿತ್ತು. ಅಲ್ಲಿ ಒಬ್ಬ ಡಾಕ್ಟರು ಇದ್ದಾರಲ್ಲ ಎಂದು. ನಾನು ಷರಾ ಓದದೆ ಕಳುಹಿಸಿದ ಅಂಕಿಯೇ ಆ ಮುದುಕಿಗೆ ಅಡ್ಡ ನಿಂತಿತ್ತು. ಇನ್ನೊಬ್ಬ ಡಾಕ್ಟರು ಬರುವವರೆಗೆ ಅವರು ಬಸ್ ಹತ್ತುವುದು ತಪ್ಪುವುದಿಲ್ಲ. ಅವರು ಹತ್ತುತ್ತಿರುವವರೆಗೆ ಇನ್ನೊಬ್ಬ ಡಾಕ್ಟರು ಬರುವುದಿಲ್ಲ.

ಮಾರನೆಯ ವಾರ ರಾಮಚಂದ್ರಯ್ಯನವರಿಗೆ ಎಲ್ಲ ಹೇಳಿದೆ. ಅವರ ಮುಖ ಗಂಟಾಯಿತು.

"ಅಚ್ಚಾಗಿರೋದನ್ನ ಈಗ ಏನ್ರೀ ಮಾಡೋದು? ನಾಲ್ಕು ಜನ ಹೆಚ್ಚುಕಮ್ಮಿ ಆದ್ರೆ ಆಕಾಶ ಬೀಳುತ್ತಾ?"

"ಆ ನಾಲ್ಕು ಊರಿನವರ ತಲೆ ಮೇಲೆ ಬೀಳುತ್ತೆ ಸಾರ್."

ಪೆನ್ಸಿಲ್ ಕೆತ್ತಿದರು. ತುದಿ ಮುರಿಯಿತು. "ಸರಿ, ಆ ಅನ್ವರ್ ತಪ್ಪು ಬರ್ಕೊಂಡು ಬಂದ ಅಂತ ಹಾಕಿ. ಅವನನ್ನ ಕಳಿಸಿಬಿಡೋಣ. ವೆಬ್‌ಸೈಟಲ್ಲಿ ಸದ್ದಿಲ್ಲದೆ ಅಂಕಿ ಬದಲಾಯಿಸಿದ್ರೆ ಮುಗೀತು."

"ಅನ್ವರ್ ಕಂಡಿದ್ದನ್ನ ಕಂಡಹಾಗೆ ಬರೆದಿದಾನೆ ಸಾರ್. ಊಟಕ್ಕೆ ಹೋಗಿದ್ರು ಅಂತ ಷರಾದಲ್ಲೇ ಇದೆ. ಓದದೆ ಬಿಟ್ಟೋಳು ನಾನು. ಫೋನಲ್ಲಿ ಕೇಳಿ ಗುರುತು ಹಾಕಿದೋಳೂ ನಾನೇ."

ಅವರು ಬ್ಲೇಡು ಕೆಳಗಿಟ್ಟರು. ಆಮೇಲೆ ತಿದ್ದುಪಡಿ ಬಾಯಿಮಾತಿನಲ್ಲಿ ಆಗುವುದಿಲ್ಲ, ಒಂದು ವಾರ ಆಯಮ್ಮನ ಜೊತೆ ನೀವೇ ಸುತ್ತಿ, ಎಲ್ಲಿ ಎಷ್ಟು ಹೊತ್ತು ಕೂರುತ್ತಾರೆ ಬರೆದುಕೊಂಡು ಬನ್ನಿ, ಊರವರ ಸಹಿಯೂ ಬೇಕು ಎಂದರು. ನನ್ನನ್ನು ಸಾಗಹಾಕಲು ಹಾಗೆ ಹೇಳಿದರೋ ಏನೋ. ನಾನಂತೂ ಹೊರಟೇಬಿಟ್ಟೆ.

ಸೋಮವಾರ ಬೆಳಿಗ್ಗೆ ಕೋಲಾರದಿಂದ ಮುಳಬಾಗಿಲು, ಅಲ್ಲಿ ಬಸ್ ಬದಲಾಯಿಸಿ ತಾಯಲೂರು. ಮುಳಬಾಗಿಲಿನಲ್ಲಿ ಕಂಡಕ್ಟರು ಡ್ರೈವರ್ ಸೀಟಿನ ಹಿಂದಿನಿಂದ ಹಾಲಿನ ಕ್ರೇಟೊಂದನ್ನು ತೆಗೆದು ಬಾಗಿಲ ಕೆಳಗೆ ಬೋರಲು ಹಾಕಿದರು. ಕಮಲಾಕ್ಷಮ್ಮ ಅದರ ಮೇಲೆ ಕಾಲಿಟ್ಟು ಹತ್ತಿದರು. ಹತ್ತುವಾಗ ಹಲ್ಲು ಕಚ್ಚಿಕೊಂಡದ್ದು ನನಗೆ ಕಾಣಿಸಿತು. ಬಸ್ಸಿನಲ್ಲಿದ್ದ ಯಾರಿಗೂ ಆ ಕ್ರೇಟು ಹೊಸದೆನಿಸಲಿಲ್ಲ.

ತಾಯಲೂರಿನಲ್ಲಿ ಟ್ರಂಕ್ ಮಾಡುವವರ ಮನೆಯ ಮುಂದೆ ಆಗಲೇ ಜನ ಕೂತಿದ್ದರು. ಮನೆಯೊಡತಿ ಜೈಬುನ್ನಿಸಾ ಕೋಣೆ ಗುಡಿಸಿ, ನೀರಿನ ಕೊಡ ಇಟ್ಟು, ಕುರ್ಚಿಯ ಮೇಲಿನ ಹಸಿರು ಶಾಲನ್ನು ಗಡಿಬಿಡಿಯಿಂದ ಮಡಿಚಿ ಒಳಗೆ ಒಯ್ಯುತ್ತಿದ್ದರು. ಕಮಲಾಕ್ಷಮ್ಮ ನೋಡಿಯೂ ನೋಡದವರಂತೆ ಕೂತರು. ಆ ಕೋಣೆಯಲ್ಲೇ ಒಂದು ಸ್ಟೆತಾಸ್ಕೋಪ್ ಮೊಳೆಗೆ ನೇತುಬಿದ್ದಿತ್ತು. ಹೊತ್ತು ತಿರುಗುವ ಕಷ್ಟ ಬೇಡವೆಂದು ನಾಲ್ಕೂ ಊರಿನಲ್ಲಿ ಒಂದೊಂದು ಇಟ್ಟಿದ್ದರಂತೆ. ನಮ್ಮ ಎಣಿಕೆಯವರಿಗೆ ಇನ್ನೇನು ಸಾಕ್ಷಿ ಬೇಕು?

ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳಲು ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಬರೆಯುವುದನ್ನು ಮರೆತು ನೋಡುತ್ತ ಕೂತುಬಿಟ್ಟೆ. ಒಬ್ಬ ರೈತ ತಲೆನೋವು, ಕಣ್ಣು ಮಂಜು ಎಂದು ಬಂದ. ಕನ್ನಡಕ ಬೇಕಿರಬೇಕು, ಬರೆದುಕೊಡಿ ಎಂದ. ಕಮಲಾಕ್ಷಮ್ಮ ಅವನ ಕಣ್ಣು ನೋಡುವ ಮೊದಲು ಸೊಂಟ ನೋಡಿದರು.

"ಬೆಲ್ಟಿಗೆ ಈ ಹೊಸ ತೂತು ಯಾವಾಗ ಹೊಡಿಸಿದ್ಯೋ ಮುನಿಯಪ್ಪ?"

"ಹೋದ ತಿಂಗಳು ಡಾಕ್ಟರಮ್ಮ. ಪಕ್ಕದ್ದು ಮೊನ್ನೆ."

"ಬಾಯಾರಿಕೆ?"

"ಬಿಂದಿಗೆ ನೀರು ಕುಡೀತೀನಿ. ಬಿಸಿಲು ಅಲ್ವಾ?"

ಬೆರಳು ಚುಚ್ಚಿ ನೋಡಿದರು. ಸಕ್ಕರೆ ಕಾಯಿಲೆ ಮೇರೆ ಮೀರಿ ಏರಿತ್ತು. ಅವನ ಅಪ್ಪನಿಗೂ ಇದೇ ವಯಸ್ಸಿಗೆ ಬಂದದ್ದು, ಚಿಕ್ಕಪ್ಪ ಕಾಲಿನ ಬೆರಳು ಕಳೆದುಕೊಂಡದ್ದು, ಎಲ್ಲ ಅವರ ಬಾಯಲ್ಲೇ ಇತ್ತು. ಅವನ ತಂಗಿಯನ್ನೂ ಮುಂದಿನ ಸೋಮವಾರ ಕರೆದುಕೊಂಡು ಬಾ ಎಂದರು. ನನ್ನ ನಮೂನೆಯಲ್ಲಿ ಇದನ್ನೆಲ್ಲ ಬರೆಯಲು ಕಾಲಂ ಇರಲಿಲ್ಲ. ಎರಡು ತಲೆಮಾರು ಒಬ್ಬರ ತಲೆಯಲ್ಲಿ ಹೇಗೆ ಹಿಡಿಸುತ್ತದೆ ಎಂದು ನಾನು ಬಾಯಿ ತೆರೆದು ಕೂತಿದ್ದೆ.

ಬುಧವಾರ ಗೌನಿಪಲ್ಲಿಯಲ್ಲಿ ಕಂಡದ್ದು ಇದಕ್ಕೂ ಮಿಗಿಲು. ಮಾವಿನ ತೋಪಿಗೆ ಔಷಧಿ ಹೊಡೆಯುವವನೊಬ್ಬನನ್ನು ನಾಲ್ವರು ಎತ್ತಿಕೊಂಡು ಬಂದರು. ವಾಂತಿ, ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. ತಿಂದದ್ದು ಹಿಡಿಸಿಲ್ಲ ಎಂದು ತೆಲುಗಿನಲ್ಲಿ ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ಕಮಲಾಕ್ಷಮ್ಮ ರೆಪ್ಪೆ ಬಿಡಿಸಿ ನೋಡಿ, ಅವನ ಅಂಗಿ ಮೂಸಿದರು. ಆ ಮಂಡಿ ಹೋದ ಮುದುಕಿ ಎದ್ದು ನಿಂತ ರೀತಿ ನನಗೆ ಮರೆಯುವುದಿಲ್ಲ. ಅಂಗಿ ಬಿಚ್ಚಿಸಿದರು, ಸೋಪು ಹಾಕಿ ಮೈ ತೊಳೆಸಿದರು, ಚುಚ್ಚುಮದ್ದು ಕೊಟ್ಟರು, ಶ್ರೀನಿವಾಸಪುರದ ಆಸ್ಪತ್ರೆಗೆ ಫೋನ್ ಮಾಡಿ ಏನು ವಿಷ, ಏನು ಕೊಟ್ಟಿದ್ದೇನೆ ಎಂದು ಹೇಳಿದರು. ಮಾವಿನ ಮಂಡಿಯ ಮುಂದೆ ನಿಂತಿದ್ದ ಟೆಂಪೊದಲ್ಲಿ ಅವನನ್ನು ಮಲಗಿಸಿ ಕಳಿಸಿ, ಕೈ ತೊಳೆದುಕೊಂಡು ಬಂದು ಮುಂದಿನವರನ್ನು ಕರೆದರು. ಅವನು ಬದುಕಿದ. ಸಂಜೆ ಫೋನ್ ಬಂತು.

"ಅದೇ ಮಂಗಳವಾರ ಆಗಿದ್ರೆ?" ಎಂದು ನಾನು ಕೇಳಿದೆ.

"ಆಗಿದೆಯಲ್ಲಮ್ಮ, ಎಷ್ಟೋ ಸಲ" ಎಂದರು. "ಬುಧವಾರ ಬರೋ ಹೊತ್ತಿಗೆ ಮಣ್ಣು ಮಾಡಿಬಿಟ್ಟಿರ್ತಾರೆ."

ಅಲ್ಲಿ ಅನ್ವರ್‌ನಿಗೆ ಊಟದ ಕತೆ ಹೇಳಿದ್ದ ಅಜ್ಜಿಯನ್ನು ಹುಡುಕಿ ಮಾತಾಡಿಸಿದೆ. ಆಕೆ ಆಗಲೂ ಬಿಡಲಿಲ್ಲ. "ಮಾ ಡಾಕ್ಟರಮ್ಮ ಎಕ್ಕಡಿಕೀ ಪೋದಮ್ಮಾ, ಇಕ್ಕಡೇ ಉಂಟುಂದಿ" ಎಂದು ಹಟ ಹಿಡಿದರು. ಎದುರಿಗೆ ಡಾಕ್ಟರಮ್ಮ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಿದ್ದರೂ, ಆಕೆ ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತಾಳೆ ಎಂದೇ ಹೇಳಿದರು.

ಸಹಿ ಹಾಕಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ವಾರಕ್ಕೆ ಒಂದೇ ದಿನ ಬರುತ್ತಾರೆ ಎಂದು ಬರೆದುಕೊಡಲು ಯಾವ ಊರೂ ತಯಾರಿರಲಿಲ್ಲ. ಮುಂದಿನ ಸೋಮವಾರ ತಾಯಲೂರಿಗೆ ಮತ್ತೆ ಹೋಗಿ ಜೈಬುನ್ನಿಸಾರ ಎದುರು ಕೂತೆ. ಯಾಕೆ ಸುಳ್ಳು ಹೇಳಿದಿರಿ ಎಂದು ನೇರವಾಗಿ ಕೇಳಿದೆ.

"ಹಮಾರಿಚ್ ಡಾಕ್ಟರ್ ಹೈ ಉನೋ" ಎಂದು ಮೊದಲು ಅವರ ಭಾಷೆಯಲ್ಲೇ ಸಿಡುಕಿದರು. ಆಮೇಲೆ ಕನ್ನಡಕ್ಕೆ ಇಳಿದರು. "ನಮ್ಮ ಡಾಕ್ಟರೇ ಅಲ್ವಾ ಮಾ? ಒಂದು ದಿನ ಮಾತ್ರ ಬರ್ತಾರೆ ಅಂದ್ರೆ ನೀವು ಸೊನ್ನೆ ಹಾಕ್ತೀರಿ. ಸೊನ್ನೆ ಹಾಕಿದ ಊರಿಗೆ ಅವರಾದ್ರೂ ಯಾಕೆ ಬರ್ಬೇಕು?"

"ಇದಾರೆ ಅಂದಿದ್ದಕ್ಕೇ ಇನ್ನೊಬ್ಬರನ್ನ ಕಳಿಸ್ತಿಲ್ಲ ಜೈಬುನ್ನಿಸಮ್ಮ. ಅವರು ಮಂಡಿ ನೋವು ತಾಳಲಾರದೆ ಬಿಡಕ್ಕೆ ಬಂದಿದ್ರು. ನೀವು ಒಂದು ಅಂದಿದ್ದಕ್ಕೆ, ನಾನು ಹೌದು ಅಂದಿದ್ದಕ್ಕೆ, ಬಿಡಕ್ಕಾಗ್ತಿಲ್ಲ."

ಅವರಿಗೆ ಇದು ಗೊತ್ತಿರಲಿಲ್ಲ. ಒಳಗೆ ತಗಡು ಬಡಿಯುವ ಸದ್ದು ಕೇಳುತ್ತಿತ್ತು. ಕೋಣೆಯ ಬಾಗಿಲಿಂದ ಕಮಲಾಕ್ಷಮ್ಮ ಒಂದು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿಕೊಂಡಿದ್ದುದು ಕಾಣಿಸುತ್ತಿತ್ತು. ಜೈಬುನ್ನಿಸಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೈ ಚಾಚಿದರು.

"ಕೊಡಿ ಮಾ, ಸೈನ್ ಹಾಕ್ತೀನಿ. ಆರು ದಿನ ಯಾರೂ ಇಲ್ಲ ಅಂತ ಬರೀರಿ. ನಮ್ಮ ಹೆಸರಲ್ಲೇ ಬರೀರಿ."

ಅವರು ಹಾಕಿದ ಮೇಲೆ ಬೀದಿಯವರೆಲ್ಲ ಹಾಕಿದರು. ಸಹಿ ಹಾಕುವುದು ಎಂದರೆ ತಮ್ಮ ಡಾಕ್ಟರಮ್ಮನನ್ನು ಬಿಟ್ಟುಕೊಡುವುದು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದರು. ಅವತ್ತಿನಷ್ಟು ತಲೆಬಾಗಿ ನಾನು ಯಾವತ್ತೂ ಯಾವ ಊರಿನಿಂದಲೂ ಹಿಂದಿರುಗಿಲ್ಲ.

ರಾಮಚಂದ್ರಯ್ಯನವರು ನನ್ನ ಹಾಳೆಗಳನ್ನು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದಿದರು. ನಾಲ್ಕು ಊರು, ನಾಲ್ಕು ದಿನ, ಬೆಳಗಿನಿಂದ ಸಂಜೆ ಬಸ್ಸಿನವರೆಗೆ. ತಾಯಲೂರಿನವರ ಸಹಿ ನೋಡಿದ ಮೇಲೆ ಉಳಿದ ಮೂರು ಊರಿನವರೂ ಹಾಕಿದ್ದರು. ಕೊನೆಯ ಹಾಳೆ ಮುಗಿಸಿ ಕನ್ನಡಕ ತೆಗೆದರು.

"ಒಬ್ಬರೇನಾ ಇದೆಲ್ಲ?"

"ಒಬ್ಬರೇ ಸಾರ್."

"ಎಪ್ಪತ್ತೆರಡು ವರ್ಷಕ್ಕೆ?"

"ಹೌದು ಸಾರ್."

ಇನ್ನೊಮ್ಮೆ "ಒಬ್ಬರೇನಾ?" ಎಂದರು, ಆದರೆ ನನ್ನನ್ನು ಕೇಳಿದಂತಿರಲಿಲ್ಲ. ಹೊಸ ಹಾಳೆ ಎಳೆದುಕೊಂಡು ತಿದ್ದುಪಡಿಯ ಒಕ್ಕಣೆಯನ್ನು ತಾವೇ ಬರೆದರು. ಎಣಿಕೆಯ ವಿಧಾನದಲ್ಲೇ ದೋಷವಿತ್ತು, ನಮೂನೆಯಿಂದ ಹೆಸರು ಮತ್ತು ನೋಂದಣಿ ಸಂಖ್ಯೆ ಕೈಬಿಟ್ಟದ್ದು ತಮ್ಮ ನಿರ್ಧಾರ, ಪರಿಶೀಲನೆಯಲ್ಲಿ ಲೋಪವಾದದ್ದು ನನ್ನಿಂದ ಎಂದು ಇಬ್ಬರ ತಪ್ಪನ್ನೂ ಹಾಕಿದರು. ಅನ್ವರ್‌ನ ಹೆಸರು ಬರಲಿಲ್ಲ. ವೆಬ್‌ಸೈಟಿನಲ್ಲಿ ಹಳೆಯ ಅಂಕಿಯನ್ನು ಅಳಿಸದೆ, ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನೂ ಕಾರಣವನ್ನೂ ಹಾಕಿದೆವು. ಪುಸ್ತಕ ಹೋದಲ್ಲಿಗೆಲ್ಲ ತಿದ್ದುಪಡಿಯ ಚೀಟಿ ಕಳುಹಿಸಿದೆವು. ಕಚೇರಿಯಲ್ಲಿ ಉಳಿದ ಪ್ರತಿಗಳಿಗೆ ಅನ್ವರ್ ಮತ್ತು ನಾನು ಕೂತು ಮೈದಾ ಅಂಟಿನಲ್ಲಿ ಚೀಟಿ ಹಚ್ಚಿದೆವು. ನೀವು ಮಾಡಿದ ತಪ್ಪನ್ನೂ ಇದೇ ತರಹ ಎಲ್ಲರಿಗೂ ಕಾಣುವಂತೆ ತಿದ್ದಿ. ಕದ್ದು ತಿದ್ದಿದರೆ ಜನ ಮುಂದೆ ನಿಮ್ಮ ಸರಿಯಾದ ಅಂಕಿಯನ್ನೂ ನಂಬುವುದಿಲ್ಲ.

ನಮೂನೆಯೂ ಬದಲಾಯಿತು. ಎಷ್ಟು ಜನ ಎಂಬುದರ ಪಕ್ಕದಲ್ಲಿ ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಎಂಬ ಕಾಲಂ ಬಂತು. ನೋಂದಣಿ ಸಂಖ್ಯೆ ಬಂತು. ಯಾವ ಡಾಕ್ಟರೂ ಬಾಗಿಲು ಹಾಕಿಕೊಳ್ಳಲಿಲ್ಲ. ಡಾಕ್ಟರನ್ನು ಕೇಳುವುದರ ಜೊತೆಗೆ ಊರಿನ ಕೆಲವು ಮನೆಗಳಿಗೂ ಹೋಗಿ, ಕಳೆದ ಸಲ ಹುಷಾರು ತಪ್ಪಿದಾಗ ಯಾರ ಹತ್ತಿರ ಹೋದಿರಿ, ಅವತ್ತು ಯಾವ ವಾರ ಎಂದು ಕೇಳಲು ಶುರುಮಾಡಿದೆವು. ಈಗಿನವರ ಕೈಯಲ್ಲಿ ಟ್ಯಾಬ್ ಇದೆ, ನಿಂತ ಜಾಗದ ಗುರುತು ತಾನೇ ದಾಖಲಾಗುತ್ತದೆ. ಸಂತೋಷ. ಆದರೂ ಡಾಕ್ಟರನ್ನು ಕಣ್ಣಿನಿಂದ ನೋಡದೆ ಒಂದು ಎಂದು ಒತ್ತಬೇಡಿ.

ಹಿಂದೆ ಬಿದ್ದಿದ್ದ ತಾಯಲೂರಿನ ಕಡೆಯ ಹುದ್ದೆ ಮತ್ತೆ ಸಾಲಿನಲ್ಲಿ ಮುಂದೆ ಬಂತು. ಎಲ್ಲ ಊರಿಗೂ ಒಳ್ಳೆಯದಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗೌನಿಪಲ್ಲಿಯ ಕಡೆಗೆ ಯಾರೂ ಬರಲಿಲ್ಲ. ಬುಧವಾರದ ಬಸ್ಸು ಕಮಲಾಕ್ಷಮ್ಮನವರಿಗೆ ಇನ್ನೂ ಬಹಳ ದಿನ ತಪ್ಪಲಿಲ್ಲ. ತಾಯಲೂರಿನ ಕಡೆಯ ಆಸ್ಪತ್ರೆಗೆ ಮಾತ್ರ ಕೆಲವು ತಿಂಗಳಲ್ಲಿ ಹೊಸ ಡಾಕ್ಟರು ಬಂದರು ಎಂದು ಸುದ್ದಿ ಸಿಕ್ಕಿತು. ಈ ಸಲ ನಾನು ಫೋನ್ ಮಾಡಲಿಲ್ಲ. ಸೋಮವಾರ ಬೆಳಿಗ್ಗೆ ಬಸ್ ಹತ್ತಿ ನಾನೇ ಹೋದೆ.

ಆಸ್ಪತ್ರೆಯ ಜಗಲಿಯಲ್ಲಿ ಬೆಂಚು ತುಂಬಿತ್ತು. ಒಳಗೆ ಮೇಜಿನ ಹಿಂದೆ ಓದು ಮುಗಿಸಿ ಬಂದ ಚಿಕ್ಕ ವಯಸ್ಸಿನ ಹೆಣ್ಣುಮಗಳು ಕೂತಿದ್ದಳು. ಅವಳು ಕೆಲಸಕ್ಕೆ ಸೇರಿ ಮೂರೇ ದಿನವಾಗಿತ್ತು. ನನ್ನ ಹಾಳೆಯಲ್ಲಿ ಅವಳ ಹೆಸರು, ಸಂಖ್ಯೆ ಬರೆದುಕೊಂಡು, ಕಣ್ಣಾರೆ ನೋಡಿ, ಒಂದು ಎಂದು ಹಾಕಿದೆ. ಹೊರಗೆ ಬಂದಾಗ ಬೆಂಚಿನ ಮೇಲೆ, ಏಳೆಂಟು ಜನರ ನಡುವೆ, ಕೈಯಲ್ಲಿ ಚೀಟಿ ಹಿಡಿದು ಕಮಲಾಕ್ಷಮ್ಮ ಕೂತಿರುವುದು ಕಂಡಿತು. ಪಕ್ಕದಲ್ಲಿ ಜೈಬುನ್ನಿಸಾ.

"ನೀವು ಮುಂದೆ ಹೋಗಿ ಡಾಕ್ಟರಮ್ಮ" ಎಂದು ಸಾಲಿನವರೆಲ್ಲ ಎದ್ದು ಜಾಗ ಬಿಡುತ್ತಿದ್ದರು. ಅವರು ಒಪ್ಪಲಿಲ್ಲ. ತಮ್ಮ ಸರದಿ ಬರುವವರೆಗೂ ಕೂತಿದ್ದು, ಆಮೇಲೆ ಜೈಬುನ್ನಿಸಾರ ತೋಳು ಹಿಡಿದು ಒಳಗೆ ಹೋಗಿ, ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತರು. ನಾನು ಬಾಗಿಲಲ್ಲೇ ನಿಂತೆ. ಹುಡುಗಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಮೇಜು ಬಳಸಿ ಬಂದು, ಮೊಣಕಾಲೂರಿ ಕೂತು, ಅವರ ಮಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ತುಂಬಾ ಸವೆದಿದೆ ಅಜ್ಜಿ. ಎಷ್ಟು ದಿನದಿಂದ ನೋವು?"

"ಹನ್ನೊಂದು ವರ್ಷ ಆಯ್ತಮ್ಮ."

"ಹನ್ನೊಂದು ವರ್ಷನಾ? ಇಷ್ಟು ದಿನ ಯಾಕೆ ಡಾಕ್ಟರಿಗೆ ತೋರಿಸ್ಲಿಲ್ಲ?"

ಕಮಲಾಕ್ಷಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು.

"ಇಲ್ಲಿ ಡಾಕ್ಟರಿರ್ಲಿಲ್ಲ ಮಗಳೇ."